ನಾಲ್ಕು ವರ್ಷ ಬಳಸಿದ ಪಲ್ಸ್ ಆಕ್ಸಿಮೀಟರ್: ಆಪರೇಶನ್ ಆದ ರಾತ್ರಿ ಅದು ಹೇಳಿದ್ದು ಮತ್ತು ಹೇಳದೆ ಬಿಟ್ಟದ್ದು

ಈ ಪಲ್ಸ್ ಆಕ್ಸಿಮೀಟರನ್ನು 2021ರ ಮೇ ತಿಂಗಳಲ್ಲಿ ವಿಜಯಪುರದ ಗಾಂಧಿ ಚೌಕದ ಬಳಿಯ ಔಷಧ ಅಂಗಡಿಯೊಂದರಲ್ಲಿ ಕೊಂಡೆ. ಕೊರೊನಾದ ಎರಡನೆಯ ಅಲೆಯ ದಿನಗಳವು; ಅಂಗಡಿಯವರು ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು ತಂದಿದ್ದೆವು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಸರಕಾರವು ಆಕ್ಸಿಮೀಟರ್ ಸೇರಿದಂತೆ ಐದು ಉಪಕರಣಗಳ ಮಾರಾಟದ ಲಾಭಾಂಶಕ್ಕೆ ಶೇಕಡಾ 70ರ ಮಿತಿ ಹಾಕಿತು. ಇಷ್ಟು ವರ್ಷಗಳಲ್ಲಿ ಅದನ್ನು ನಿಜವಾಗಿ ನೆಚ್ಚಿಕೊಂಡು ಬಳಸಿದ್ದು ಎರಡೇ ಸಲ. ಒಂದು ಆ ಮೇ ತಿಂಗಳು. ಇನ್ನೊಂದು 2025ರ ಜನವರಿಯಲ್ಲಿ, ಸಿದ್ಧೇಶ್ವರ ಜಾತ್ರೆ ಮುಗಿದ ಮರುವಾರ, ನಮ್ಮ ಅವ್ವನಿಗೆ ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾದಾಗ. ಮೊದಲ ಸಲ ಅದು ನಮ್ಮ ಕೈ ಹಿಡಿಯಿತು. ಎರಡನೆಯ ಸಲ ಅದರ ಮೇಲೆ ನಾವಿಟ್ಟ ಅತಿಯಾದ ನಂಬಿಕೆಯಿಂದಾಗಿ ಅವ್ವನ ಉಸಿರು ಕುಗ್ಗುತ್ತಿರುವುದು ನಮ್ಮ ಗಮನಕ್ಕೇ ಬರಲಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಉಪಕರಣದ ಬ್ಯಾಟರಿ, ಬಣ್ಣ, ಪರದೆಗಳ ವಿಷಯ ಕಡಿಮೆ ಇದೆ. ಶಸ್ತ್ರಚಿಕಿತ್ಸೆಯ ನಂತರ ನೋವಿಗೆ ಬಲವಾದ ಔಷಧ ಪಡೆಯುತ್ತಿರುವವರ ಹಾಸಿಗೆಯ ಪಕ್ಕದಲ್ಲಿ ಇದನ್ನು ಎಷ್ಟು ನಂಬಬಹುದು ಎಂಬ ವಿಷಯವೇ ಹೆಚ್ಚಿದೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ಕೊರತೆ ಒಂದು ಕಂಪನಿಯದಲ್ಲ. ರಕ್ತದ ಆಮ್ಲಜನಕವನ್ನಷ್ಟೇ ಅಳೆಯುವ ಯಾವ ಉಪಕರಣಕ್ಕಾದರೂ ಅದು ಇದ್ದೇ ಇದೆ.

ಉಪಕರಣವಾಗಿ ಇದರಲ್ಲಿ ದೂರಲು ಹೆಚ್ಚೇನಿಲ್ಲ. ಎರಡು ಸಣ್ಣ ಸೆಲ್ಲು ಹಾಕಿ ಬೆರಳಿಗೆ ಚಿಮಟಿಗೆಯಂತೆ ಸಿಕ್ಕಿಸಿದರೆ ಕೆಲವು ಸೆಕೆಂಡುಗಳಲ್ಲಿ ರಕ್ತದ ಆಮ್ಲಜನಕದ ಶೇಕಡಾವಾರು ಪ್ರಮಾಣವೂ ನಾಡಿಯ ಬಡಿತವೂ ಪರದೆಯ ಮೇಲೆ ಕಾಣುತ್ತವೆ. ಅಂಕಿಯಲ್ಲಿ ಎರಡು ಹೆಚ್ಚು ಅಥವಾ ಎರಡು ಕಡಿಮೆ ಆಗಬಹುದೆಂದು ಅದರ ಚೀಟಿಯಲ್ಲೇ ಬರೆದಿದೆ. ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಗಾಢ ಬಣ್ಣವಿದ್ದರೆ ಅಂಕಿ ತಪ್ಪಬಹುದು. ಜನವರಿಯ ಬೆಳಗಿನ ಜಾವದಲ್ಲಿ ಅವ್ವನ ಕೈಯನ್ನು ನನ್ನ ಎರಡು ಅಂಗೈಗಳ ನಡುವೆ ಬೆಚ್ಚಗೆ ಮಾಡಿದ ಮೇಲೆಯೇ ಅದು ನೆಲೆಯಾಗಿ ತೋರಿಸುತ್ತಿತ್ತು. ಕಪ್ಪು ಚರ್ಮದವರಲ್ಲಿ ಆಮ್ಲಜನಕ ನಿಜವಾಗಿ ಕಡಿಮೆ ಇದ್ದರೂ ಅಂಕಿ ಚೆನ್ನಾಗಿಯೇ ಕಾಣುವ ಸಂಭವ ಬಿಳಿಯರಿಗಿಂತ ಹೆಚ್ಚೆಂದು 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮ ನಾಡಿನ ಮೈಬಣ್ಣದವರೂ ನೆನಪಿಡಬೇಕಾದ ಮಾತಿದು.

ಇದರ ಕೆಲಸದ ರೀತಿಯನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಒಂದು ಬದಿಯಿಂದ ಕೆಂಪು ಬೆಳಕೂ ಕಣ್ಣಿಗೆ ಕಾಣದ ಅವಗೆಂಪು ಬೆಳಕೂ ಬೆರಳನ್ನು ಹಾಯ್ದು ಹೋಗುತ್ತವೆ. ಆಮ್ಲಜನಕ ಹೊತ್ತ ರಕ್ತವೂ ಹೊರದ ರಕ್ತವೂ ಆ ಎರಡು ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಮಿಡಿದಂತೆಲ್ಲ ಆ ವ್ಯತ್ಯಾಸವನ್ನು ಎದುರು ಬದಿಯಲ್ಲಿ ಅಳೆಯುತ್ತಾರೆ. ನಾಡಿಯ ಮಿಡಿತವನ್ನೇ ಬಳಸಿಕೊಂಡು ಅಳೆಯುವ ಈ ಉಪಾಯವನ್ನು 1970ರ ದಶಕದ ಮೊದಲ ಭಾಗದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಅವರ ಉಪಾಯ ಲೋಕದ ಮನೆಮನೆಗೂ ಹೊರಟಿದ್ದ ಹೊತ್ತಿನಲ್ಲಿ. ಅವರ ಬಗ್ಗೆ ನನಗೆ ಆಳವಾದ ಗೌರವವಿದೆ. ಅರಿವಳಿಕೆಯ ಕೋಣೆಯಲ್ಲಿ ಈ ಉಪಕರಣ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಅದು ಅಳೆಯುವುದು ರಕ್ತದಲ್ಲಿರುವ ಆಮ್ಲಜನಕವನ್ನು, ಉಸಿರಾಟವನ್ನಲ್ಲ. ಈ ಎರಡರ ನಡುವಿನ ಅಂತರವೇ ನಾನು ಹೇಳಬೇಕಾಗಿರುವ ಸಂಗತಿ.

ಕೊರೊನಾ ಕಾಲದಲ್ಲಿ 94 ಎಂಬ ಅಂಕಿ ನಮಗೆಲ್ಲ ಬಾಯಿಪಾಠವಾಗಿತ್ತು. ಅದಕ್ಕಿಂತ ಮೇಲಿದ್ದರೆ ನಿಶ್ಚಿಂತೆ, ಕೆಳಗಿಳಿದರೆ ದವಾಖಾನೆಗೆ ಓಟ. ಆ ಕಾಯಿಲೆಯಲ್ಲಿ ಕೆಡುತ್ತಿದ್ದುದು ಶ್ವಾಸಕೋಶ. ಉಸಿರನ್ನು ನಡೆಸುವ ಮೆದುಳು ತನ್ನ ಕೆಲಸ ಮಾಡುತ್ತಲೇ ಇರುತ್ತಿತ್ತು, ಆದ್ದರಿಂದ ಅಂಕಿಯೇ ಮೊದಲು ಇಳಿದು ಎಚ್ಚರಿಸುತ್ತಿತ್ತು. ಶಸ್ತ್ರಚಿಕಿತ್ಸೆಯ ನಂತರ ಕೊಡುವ ಮಾರ್ಫಿನ್, ಫೆಂಟನಿಲ್, ಟ್ರಮಡಾಲ್ ಮೊದಲಾದ ಅಫೀಮಿನ ಗುಂಪಿನ ನೋವುನಿವಾರಕಗಳಲ್ಲಿ ಸಂಗತಿ ತಿರುಗುಮುರುಗು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಅದನ್ನು ಗುರುತಿಸಿ 'ಉಸಿರೆಳೆ' ಎಂದು ಆಜ್ಞೆ ಕೊಡುವ ಕೇಂದ್ರವು ಮೆದುಳಿನ ಬುಡದಲ್ಲಿದೆ. ಈ ಔಷಧಗಳು ನೋವಿನ ಜೊತೆಗೆ ಆ ಕೇಂದ್ರವನ್ನೂ ಮಂಕಾಗಿಸುತ್ತವೆ, ಗಂಟಲಿನ ಸ್ನಾಯುಗಳನ್ನೂ ಸಡಿಲಿಸುತ್ತವೆ. ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ, ಉಸಿರು ಮಾತ್ರ ವಿರಳವಾಗುತ್ತ ಹೋಗುತ್ತದೆ. ಮೂಗಿಗೆ ಆಮ್ಲಜನಕದ ನಳಿಕೆ ಇದ್ದರಂತೂ ಆ ವಿರಳ ಉಸಿರಿನಲ್ಲೇ ಸಾಕಷ್ಟು ಆಮ್ಲಜನಕ ಒಳಗೆ ಹೋಗಿ ಅಂಕಿ 97, 98ರಲ್ಲೇ ನಿಂತಿರುತ್ತದೆ. ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಮಾತ್ರ ರಕ್ತದಲ್ಲಿ ಕೂಡುತ್ತ ಬಂದು ರೋಗಿಯನ್ನು ಇನ್ನಷ್ಟು ಮಂಪರಿಗೆ ತಳ್ಳುತ್ತದೆ. ನಮ್ಮೂರಿನವರಿಗೆ ಇದನ್ನು ನೀರಿನ ಮಾತಿನಲ್ಲಿ ಹೇಳಬಹುದು. ಮಾಳಿಗೆಯ ಮೇಲಿನ ಟ್ಯಾಂಕಿ ತುಂಬಿದ್ದರೆ, ನಳದ ನೀರು ನಿಂತು ಎರಡು ದಿನವಾದರೂ ಅಡುಗೆಮನೆಯ ತೊಟ್ಟಿಯಲ್ಲಿ ಧಾರೆ ಎಂದಿನಂತೆಯೇ ಬೀಳುತ್ತದೆ. ನೀರು ಬಂದಿಲ್ಲವೆಂದು ತಿಳಿಯುವುದು ಟ್ಯಾಂಕಿಯ ತಳ ಕಂಡ ಮೇಲೆ. ಆಕ್ಸಿಮೀಟರ್ ನೋಡುವುದು ಅಡುಗೆಮನೆಯ ಆ ಧಾರೆಯನ್ನು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅವ್ವನಿಗೆ 68 ವರ್ಷ. ಮೈಭಾರ ಸ್ವಲ್ಪ ಹೆಚ್ಚು, ರಕ್ತದೊತ್ತಡಕ್ಕೆ ಗುಳಿಗೆ ಇದೆ, ಗೊರಕೆ ಹಲವು ವರ್ಷಗಳದ್ದು. ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆಳಿಗ್ಗೆ ಬೆನ್ನಿಗೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದರು. ಸಂಜೆ ನೋವು ಏರಿದಾಗ ಸಿರಿಂಜ್ ಪಂಪಿನಲ್ಲಿ ಫೆಂಟನಿಲ್ ಹಚ್ಚಿದರು, ಮೂಗಿಗೆ ಆಮ್ಲಜನಕದ ನಳಿಕೆ ಇತ್ತು. ರಾತ್ರಿ ಒಂಬತ್ತಕ್ಕೆ ನನ್ನ ತಂಗಿ ಮನೆಯಿಂದ ತಂದ ಚೀಲದಿಂದ ಅವ್ವನಿಗೆ ರೂಢಿಯ ನಿದ್ದೆಯ ಗುಳಿಗೆ ಕೊಟ್ಟಳು: ಅಲ್ಪ್ರಾಜೊಲಾಮ್, ಅರ್ಧ ಮಿಲಿಗ್ರಾಂ. ಆರೇಳು ವರ್ಷಗಳಿಂದ ಅದಿಲ್ಲದೆ ಅವ್ವ ಮಲಗಿದವಳಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಯಾವ ಯಾವ ಗುಳಿಗೆ ಇವೆ ಎಂದು ಕೇಳಿದಾಗ ನಾವು ರಕ್ತದೊತ್ತಡದ ಗುಳಿಗೆಯ ಹೆಸರನ್ನಷ್ಟೇ ಹೇಳಿದ್ದೆವು. ನಿದ್ದೆಯ ಗುಳಿಗೆಯೂ ಔಷಧವೆಂಬ ಭಾವನೆಯೇ ನಮ್ಮಲ್ಲಿರಲಿಲ್ಲ. ಅವರೂ ಎರಡನೆಯ ಸಲ ಕೇಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅವ್ವ ಗೊರಕೆ ಹೊಡೆಯುತ್ತ ಮಲಗಿದಳು. ದಿನವಿಡೀ ನರಳಿದವಳು ನಿದ್ದೆ ಹೋದಳಲ್ಲ ಎಂದು ನಮಗೆ ಸಮಾಧಾನವಾಯಿತು. ನಾನು ಅರ್ಧ ಗಂಟೆಗೊಮ್ಮೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದೆ: 98, 98, 97, 98. ಎರಡು ಗಂಟೆ ದಾಟಿದ ಮೇಲೆ ರಾತ್ರಿ ಪಾಳಿಯ ಸಿಸ್ಟರ್ ಬಂದರು. ನಾನು ಅಂಕಿ ತೋರಿಸಿದೆ. ಅವರು ಅದರತ್ತ ಒಮ್ಮೆ ನೋಡಿ, ಏನೂ ಹೇಳದೆ, ಚಾದರವನ್ನು ಸೊಂಟದವರೆಗೆ ಸರಿಸಿ, ಅವ್ವನ ಎದೆಯ ಕೆಳಗೆ, ಹೊಟ್ಟೆ ಶುರುವಾಗುವಲ್ಲಿ ಅಂಗೈ ಇಟ್ಟು, ಇನ್ನೊಂದು ಕೈಯ ಗಡಿಯಾರವನ್ನು ನೋಡುತ್ತ ನಿಂತರು. ಪೂರ್ತಿ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಅವರ ಅಂಗೈ ಏಳು ಸಲ ಮೇಲೆದ್ದದ್ದನ್ನು ನಾನೂ ಎಣಿಸಿದೆ.

"ಗೊರಕಿ ನಡುನಡುವ ನಿಲ್ತದೇನ್ರಿ?" ಎಂದು ಕೇಳಿದರು.

"ಹೌದ್ರಿ ಸಿಸ್ಟರ್, ಮನ್ಯಾಗೂ ಹಂಗ ಮಾಡ್ತಾಳ."

ಅವರು ಬಾಗಿ ಅವ್ವನ ಭುಜ ಅಲುಗಿಸಿದರು. "ಅಜ್ಜೀ, ಕಣ್ಣ ತೆರೀರಿ. ನಿಮ್ಮ ಊರ ಯಾವದು ಹೇಳ್ರಿ?" ಅವ್ವ ಕಣ್ಣು ತೆರೆದಳು. "ಬಬಲೇ..." ಎಂದಳು. ಊರ ಹೆಸರಿನ ಅರ್ಧದಲ್ಲೇ ರೆಪ್ಪೆ ಮುಚ್ಚಿಕೊಂಡವು, ಬಾಯಿ ತೆರೆದೇ ಉಳಿಯಿತು. ಅಲ್ಲಿಂದ ಮುಂದೆ ಎಲ್ಲವೂ ವೇಗವಾಗಿ ನಡೆಯಿತು. ಸಿಸ್ಟರ್ ಪಂಪ್ ನಿಲ್ಲಿಸಿ ಡ್ಯೂಟಿ ಡಾಕ್ಟರನ್ನು ಕರೆದರು. ಅವರು ಬಂದು ಗದ್ದ ಎತ್ತಿ ಹಿಡಿದು, ಹೆಸರು ಕೂಗಿ ಕೂಗಿ ಉಸಿರೆಳೆಯಲು ಹೇಳುತ್ತ, ನಲಾಕ್ಸೋನ್ ಎಂಬ ಔಷಧದ ಒಂದು ಆಂಪೂಲನ್ನು ಹತ್ತು ಮಿಲಿಲೀಟರಿಗೆ ತೆಳ್ಳಗೆ ಮಾಡಿಸಿ ಒಂದೊಂದೇ ಮಿಲಿಲೀಟರಿನಂತೆ ಕೊಟ್ಟರು. ಮೂರನೆಯದರ ಹೊತ್ತಿಗೆ ಅವ್ವ ಕಣ್ಣು ಬಿಟ್ಟು "ಕಾಲ ಬ್ಯಾನಿ ಆಗಾಕತ್ತೈತಿ" ಎಂದಳು. ಆ ಮಾತು ಕೇಳಿ ಡಾಕ್ಟರ ಮುಖ ಸಡಿಲಾಯಿತು. ಚೀಲದಲ್ಲಿದ್ದ ಗುಳಿಗೆಯ ಪಟ್ಟಿಯನ್ನು ತಂಗಿ ತೋರಿಸಿದ್ದು ಆಗ.

ಎಲ್ಲವನ್ನೂ ಒಮ್ಮೆಗೇ ಯಾಕೆ ಕೊಡಲಿಲ್ಲವೆಂದು ಬೆಳಿಗ್ಗೆ ಅರಿವಳಿಕೆ ತಜ್ಞರನ್ನು ಕೇಳಿದೆ. ನಲಾಕ್ಸೋನ್ ಅಫೀಮಿನ ಗುಂಪಿನ ಔಷಧವನ್ನು ಅದರ ಜಾಗದಿಂದ ಕೀಳುತ್ತದೆ. ಒಮ್ಮೆಗೇ ಹೆಚ್ಚು ಕೊಟ್ಟರೆ ನೋವೆಲ್ಲ ಒಟ್ಟಿಗೆ ಮರಳಿ ರಕ್ತದೊತ್ತಡ ಏರಿ ಹೃದಯಕ್ಕೆ ಪೆಟ್ಟಾಗಬಹುದು ಎಂದರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತನ್ನೂ ಹೇಳಿದರು: ನಲಾಕ್ಸೋನಿನ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಾತ್ರ, ಮೈಯಲ್ಲಿ ಉಳಿದ ನೋವಿನ ಔಷಧ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದಾದ್ದರಿಂದ, ಎಚ್ಚರವಾದ ರೋಗಿ ಮತ್ತೆ ಮಂಪರಿಗೆ ಜಾರಬಹುದು. ನಿದ್ದೆಯ ಗುಳಿಗೆಯ ಮೇಲಂತೂ ನಲಾಕ್ಸೋನ್ ಕೆಲಸ ಮಾಡುವುದೇ ಇಲ್ಲ. ಆ ಕಾರಣಕ್ಕೇ ಅವ್ವನನ್ನು ಬೆಳಗಿನವರೆಗೆ ತೀವ್ರ ನಿಗಾ ಘಟಕದಲ್ಲಿ ಇರಿಸಿಕೊಂಡರು. ಅಲ್ಲಿ ಮೂಗಿನ ಬಳಿ ಇನ್ನೊಂದು ಸಣ್ಣ ನಳಿಕೆ ಇಟ್ಟಿದ್ದರು. ಹೊರಬಿಡುವ ಪ್ರತಿ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಅದು. ಸಹಜವಾಗಿ ಅದು 35ರಿಂದ 45ರೊಳಗೆ ಇರಬೇಕು, ಮತ್ತು ಉಸಿರು ನಿಂತರೆ ಪರದೆಯ ಮೇಲಿನ ಅಲೆಯೇ ಮಲಗಿಬಿಡುತ್ತದೆ. ಆಮ್ಲಜನಕದ ಅಂಕಿ ಇಳಿಯುವವರೆಗೆ ಕಾಯಬೇಕಿಲ್ಲ. ನಮ್ಮ ಬೆರಳಿನ ಉಪಕರಣ ಹೇಳಲಾರದ್ದನ್ನು ಹೇಳುವ ಯಂತ್ರ ಅದೇ ಕಟ್ಟಡದಲ್ಲಿ, ಒಂದು ಮಹಡಿ ಮೇಲೆ ಇತ್ತು. ಸಾಮಾನ್ಯ ವಾರ್ಡಿನಲ್ಲಿ ಪಂಪ್ ಹಚ್ಚಿದ, ಗೊರಕೆಯ, ವಯಸ್ಸಾದ ರೋಗಿಗೆ ಅದು ಸಿಗದಿರುವುದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಇದು ನಮ್ಮ ಅವ್ವನಿಗೊಬ್ಬಳಿಗೇ ಒದಗಿದ ದುರದೃಷ್ಟವಲ್ಲ. ಅಮೆರಿಕ, ಯುರೋಪ್ ಮತ್ತು ಏಷ್ಯಾದ 16 ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲಿ ಈ ಬಗೆಯ ಔಷಧ ಪಡೆದ 1,335 ರೋಗಿಗಳನ್ನು ಆಕ್ಸಿಮೀಟರ್ ಮತ್ತು ಕ್ಯಾಪ್ನೋಗ್ರಾಫ್ ಎರಡರಿಂದಲೂ ಎಡೆಬಿಡದೆ ಗಮನಿಸಿದ 'ಪ್ರಾಡಿಜಿ' ಎಂಬ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 46ರಷ್ಟು ಮಂದಿಯಲ್ಲಿ ಒಮ್ಮೆಯಾದರೂ ಉಸಿರಾಟ ಕುಗ್ಗಿದ್ದು ಕಂಡುಬಂತು. ಎಲ್ಲರಿಗೂ ಪ್ರಾಣಾಪಾಯವಾಯಿತೆಂದು ಇದರ ಅರ್ಥವಲ್ಲ. ಬಿಟ್ಟುಬಿಟ್ಟು ಬಂದು ನೋಡುವವರ ಕಣ್ಣಿಗೆ ಬೀಳದೆ ಎಷ್ಟು ನಡೆಯುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಅಪಾಯ ಹೆಚ್ಚಿರುವವರು ಯಾರೆಂದೂ ಆ ಅಧ್ಯಯನ ಹೇಳಿದೆ: 60 ದಾಟಿದವರು, ಗಂಡಸರು, ಈ ಔಷಧಗಳನ್ನು ಹಿಂದೆ ತೆಗೆದುಕೊಂಡು ರೂಢಿಯಿಲ್ಲದವರು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯುಳ್ಳವರು, ಹೃದಯದ ವೈಫಲ್ಯವುಳ್ಳವರು. ಅಮೆರಿಕದಲ್ಲಿ ನ್ಯಾಯಾಲಯ, ಪರಿಹಾರಗಳವರೆಗೆ ಹೋದ ಇಂಥ ಪ್ರಕರಣಗಳನ್ನು ಪರಿಶೀಲಿಸಿದ 2015ರ ಇನ್ನೊಂದು ವರದಿಯ ಪ್ರಕಾರ ಶೇಕಡಾ 88ರಷ್ಟು ಅವಘಡಗಳು ಶಸ್ತ್ರಚಿಕಿತ್ಸೆಯ ನಂತರದ ಮೊದಲ 24 ಗಂಟೆಗಳೊಳಗೆ ನಡೆದಿದ್ದವು; ಶೇಕಡಾ 16ರಷ್ಟರಲ್ಲಿ ನರ್ಸು ಬಂದು ನೋಡಿ ಹೋಗಿ ಹದಿನೈದು ನಿಮಿಷವೂ ಆಗಿರಲಿಲ್ಲ. ಈ ಕೊನೆಯ ಅಂಕಿಯನ್ನು ಓದಿದ ದಿನ, ಅರ್ಧ ಗಂಟೆಗೊಮ್ಮೆ ನಾನು ಬರೆದುಕೊಂಡಿದ್ದ 98, 98, 97ಗಳನ್ನು ಮೊಬೈಲಿನಲ್ಲಿ ಮತ್ತೆ ತೆಗೆದು ನೋಡಿದೆ.

ಹಾಗೆಂದು ನೋವಿನ ಔಷಧವೇ ಬೇಡವೆಂದು ಹಟ ಹಿಡಿಯುವುದು ಇನ್ನೊಂದು ತಪ್ಪು. ನಮ್ಮ ಸೋದರತ್ತೆ ಮರುದಿನ ಬಂದು ಅದನ್ನೇ ಹೇಳಿದರು: "ಬ್ಯಾನಿ ತಡಕೋಬೇಕವ್ವಾ, ಅಂಥಾ ಔಷಧ ಬ್ಯಾಡ." ತಜ್ಞರು ಅವರನ್ನು ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದರು. ನೋವಿನಲ್ಲಿರುವವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮಿ ಕಫ ಹೊರಹಾಕುವುದಿಲ್ಲ, ಹಾಸಿಗೆ ಬಿಟ್ಟು ಏಳುವುದಿಲ್ಲ. ಅದರಿಂದ ಎದೆಯಲ್ಲಿ ಸೋಂಕಾಗಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮಂಡಿ ಮಡಚದೆ ಉಳಿಯಬಹುದು. ಆಮೇಲೆ ಅವ್ವನಿಗೆ ತೊಡೆಯ ನರದ ಬಳಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು, ಪ್ಯಾರಸಿಟಮಾಲನ್ನು ಹೊತ್ತುಹೊತ್ತಿಗೆ ತಪ್ಪದೆ ಕೊಟ್ಟರು. ಬಲವಾದ ಔಷಧವನ್ನು ನೋವು ಮಿತಿಮೀರಿದಾಗ ಮಾತ್ರ, ಸಣ್ಣ ಪ್ರಮಾಣದಲ್ಲಿ ಬಳಸಿದರು. ನಿದ್ದೆಯ ಗುಳಿಗೆಯನ್ನೂ ನಾವಾಗಿಯೇ ನಿಲ್ಲಿಸಕೂಡದೆಂದು ತಾಕೀತು ಮಾಡಿದರು. ವರ್ಷಗಟ್ಟಲೆ ತೆಗೆದುಕೊಂಡವರು ತಟ್ಟನೆ ಬಿಟ್ಟರೆ ಅದರದೇ ತೊಂದರೆಗಳಿವೆ. ಎಷ್ಟು, ಯಾವಾಗ ಎಂಬುದನ್ನು ತಾವೇ ನಿರ್ಧರಿಸುತ್ತೇವೆಂದರು.

ಐದನೆಯ ದಿನ ಮನೆಗೆ ಬಂದೆವು. ಕೈಯಲ್ಲಿ ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಕೂಡಿದ ಗುಳಿಗೆ, ತೋಳಿನ ಮೇಲೆ ಬ್ಯುಪ್ರೆನಾರ್ಫಿನ್ ಪಟ್ಟಿ. ಈ ಪಟ್ಟಿಯೂ ಅದೇ ಗುಂಪಿನ ಔಷಧವೆಂದು ನೋಡಿದವರಿಗೆ ತಿಳಿಯುವುದಿಲ್ಲ. ಗಾಯದ ಪಟ್ಟಿಯಂತೆ ಸಪ್ಪಗೆ ಅಂಟಿಕೊಂಡಿರುತ್ತದೆ, ಚರ್ಮದ ಮೂಲಕ ವಾರವಿಡೀ ಔಷಧ ಇಳಿಯುತ್ತಿರುತ್ತದೆ. ಅದರ ಮೇಲೆ ಶಾಖ ಬಿದ್ದರೆ ಔಷಧ ಹೆಚ್ಚು ವೇಗವಾಗಿ ಮೈಗೆ ಸೇರುತ್ತದೆ. ಜನವರಿಯ ಚಳಿಗೆ ಪಕ್ಕದ ಮನೆಯವರು ಬಿಸಿನೀರಿನ ಚೀಲ ತಂದು ತೋಳಿಗೆ ಒತ್ತಲು ಹೊರಟಾಗ ನಾನು ಕೈ ಅಡ್ಡ ಹಿಡಿಯಬೇಕಾಯಿತು. ಹಳೆಯ ಪಟ್ಟಿ ತೆಗೆಯದೆ ಹೊಸದು ಹಚ್ಚುವುದು, ತೆಗೆದದ್ದನ್ನು ಮಕ್ಕಳ ಕೈಗೆ ಸಿಗುವಂತೆ ಬಿಸಾಡುವುದು ಇವೂ ಅಷ್ಟೇ ಅಪಾಯ. ಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ: ಗಂಟಲಿನ ಟಾನ್ಸಿಲ್ ತೆಗೆಸಿದ 18 ವರ್ಷದೊಳಗಿನವರಿಗೆ ಟ್ರಮಡಾಲ್ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ಕೆಲವರ ದೇಹ ಅದನ್ನು ಬಹಳ ವೇಗವಾಗಿ ಪ್ರಬಲ ರೂಪಕ್ಕೆ ಮಾರ್ಪಡಿಸುವುದರಿಂದ ಉಸಿರು ಕುಗ್ಗುತ್ತದೆ. ಅಲ್ಪ್ರಾಜೊಲಾಮಿನಂಥ ಗುಳಿಗೆಗಳನ್ನು ಈ ಗುಂಪಿನ ಔಷಧಗಳ ಜೊತೆ ಕೂಡಿಸುವುದರ ವಿರುದ್ಧ ಅದೇ ಸಂಸ್ಥೆಯ ಕಠಿಣ ಎಚ್ಚರಿಕೆ ಬಂದದ್ದು 2016ರಲ್ಲಿ. ನರನೋವಿಗೆ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳ ಬಗೆಗಿನ ಎಚ್ಚರಿಕೆ 2019ರದು.

ಮನೆಯಲ್ಲಿ ಆಕ್ಸಿಮೀಟರ್ ಬಳಸಿದೆವೇ ಎಂದರೆ, ಬಳಸಿದೆವು, ಮತ್ತು ಇಲ್ಲಿ ಅದು ಆಸ್ಪತ್ರೆಯಲ್ಲಿಗಿಂತ ಹೆಚ್ಚು ನೆರವಾಯಿತು. ಮನೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಇರಲಿಲ್ಲ. ಬರಿಯ ಗಾಳಿಯನ್ನು ಉಸಿರಾಡುವವರಲ್ಲಿ ಉಸಿರು ಕುಗ್ಗಿದರೆ ಅಂಕಿ ಅಷ್ಟು ಹೊತ್ತು ಮರೆಮಾಚಲಾರದು, ಬೇಗ ಇಳಿಯುತ್ತದೆ. ಆದರೂ ಅದನ್ನು ಎರಡನೆಯ ಸಾಕ್ಷಿಯಾಗಿ ಮಾತ್ರ ಇಟ್ಟುಕೊಂಡೆ. ಮೊದಲನೆಯದು ಸಿಸ್ಟರ್ ಕಲಿಸಿದ ಕ್ರಮ: ನಿದ್ದೆಯಲ್ಲಿರುವಾಗಲೇ, ಎಬ್ಬಿಸದೆ, ಪೂರ್ತಿ ಒಂದು ನಿಮಿಷ ಉಸಿರು ಎಣಿಸುವುದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ, ನಡುವೆ ಉಸಿರು ನಿಲ್ಲುವ ರೋಗಿಯಲ್ಲಿ ಲೆಕ್ಕ ಪೂರಾ ತಪ್ಪುತ್ತದೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. ಹತ್ತಕ್ಕಿಂತ ಕೆಳಗಿಳಿದರೆ ಎಬ್ಬಿಸಿ ಮಾತಾಡಿಸಬೇಕು. ಎಂಟರ ಕೆಳಗೆ ಬಂದರೆ, ಅಥವಾ ಮಾತಿನ ನಡುವೆಯೇ ಕಣ್ಣು ಮುಚ್ಚಿದರೆ, ಅಂಕಿ ಎಷ್ಟೇ ಇರಲಿ 108ಕ್ಕೆ ಕರೆ ಮಾಡಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. ಅಂಕಿಗಿಂತ ಮೊದಲು ಉಸಿರು, ಬಹಳ ಸಲ ಉಸಿರಿಗಿಂತಲೂ ಮೊದಲು ಎಚ್ಚರ ಕುಂದುತ್ತದೆಂಬುದನ್ನು ಆ ರಾತ್ರಿಯ 'ಬಬಲೇ' ನನಗೆ ಮರೆಯದಂತೆ ಕಲಿಸಿದೆ.

ಅವ್ವ ಈಗ ಕೋಲಿಲ್ಲದೆ ಸಿದ್ಧೇಶ್ವರ ಗುಡಿಗೆ ಹೋಗಿ ಬರುತ್ತಾಳೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವುದು ಪರೀಕ್ಷೆಯಲ್ಲಿ ಖಚಿತವಾಗಿದೆ; ಅದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಪತ್ತೆಹಚ್ಚಲು ಕೇಳಬೇಕಾದ ಪ್ರಶ್ನೆಗಳು ಎಂಟೇ ಎಂಟು, ಅವುಗಳಲ್ಲಿ ಮೊದಲನೆಯದು ಗೊರಕೆಯದು.

ಉಪಕರಣಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಅಳೆಯುವುದನ್ನು ಅದು ಚೆನ್ನಾಗಿಯೇ ಅಳೆಯುತ್ತದೆ. ಕಳೆದ ಎರಡು ಅಂಕ ಅದರ ಡಬ್ಬಿಗೆ ಸೇರಿದ್ದು. ಕನ್ನಡದ ಒಂದೇ ಒಂದು ಸಾಲು ಅದರ ಮೇಲೆ ಇಲ್ಲ. ಇರುವ ಇಂಗ್ಲಿಷ್ ಚೀಟಿಯಲ್ಲೂ, ಆಮ್ಲಜನಕ ಪಡೆಯುತ್ತಿರುವವರಲ್ಲಿ ಈ ಅಂಕಿ ಉಸಿರಾಟದ ಬಗ್ಗೆ ಭರವಸೆ ಕೊಡಲಾರದು ಎಂಬ ಮಾತಿಲ್ಲ. ಕೊಳ್ಳುವವರು ಕೊಳ್ಳಲಿ, ಮನೆಯಲ್ಲಿ ಇರಬೇಕಾದ ವಸ್ತುವೇ. ಮುಂದಿನ ತಿಂಗಳು ನಮ್ಮ ಕಾಕಾನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಇದೆ. ಅವರಿಗೂ 60 ದಾಟಿದೆ, ಅವರೂ ಗೊರಕೆಯವರು. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ, ಮಂಡಿನೋವಿನ ಎಣ್ಣೆಯ ಸಮೇತ, ಒಂದು ಚೀಲಕ್ಕೆ ಹಾಕಿ ಅರಿವಳಿಕೆ ತಜ್ಞರ ಮೇಜಿನ ಮೇಲೆ ಸುರಿಯಬೇಕೆಂದು ಕಾಕಿಗೆ ಹೇಳಿದ್ದೇನೆ. ಆಕ್ಸಿಮೀಟರನ್ನು ಹೊಸ ಸೆಲ್ಲು ಹಾಕಿ ಕೊಟ್ಟಿದ್ದೇನೆ, ಅದರ ಜೊತೆಗೆ ಸೆಕೆಂಡಿನ ಮುಳ್ಳಿರುವ ಅಪ್ಪನ ಹಳೆಯ ಎಚ್‌ಎಂಟಿ ಗಡಿಯಾರವನ್ನೂ.